ಮೂರನೆಯ ಸಾಲಿನ ಉಸಿರು

ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದ ಮೇಲೆ ಅಕ್ಕ ಮಾತಾಡಿಲ್ಲ, ಯಾರನ್ನೂ ಗುರುತಿಸಿಲ್ಲ. ಒಟ್ಟಿಗೆ ಪದ್ಯ ಹೇಳಿಕೊಂಡು ಬೆಳೆದವರ ಮಿದುಳಿನಲ್ಲಿ ‘ನಾನು’ ಎಂಬುದು ‘ನಾವು’ ಆಗುವ ಬಗೆಯನ್ನು ಪರೀಕ್ಷಿಸುವ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿದ್ದರು.

“ನಿಮ್ಮಕ್ಕ ಒಳಗಿದ್ದಾಳೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕಪ್ಪಾ,” ಎಂದರು ಭಾವ.

ಅಕ್ಕನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಇಬ್ಬರ ತಲೆಗೂ ತಂತಿಯ ಟೋಪಿ.

“ಗಂಟೆ ಆದ್ಕೂಡ್ಲೆ ಅಪ್ಪ ಕಲಿಸಿದ ಪದ್ಯ ಮನಸ್ಸಲ್ಲೇ ಹೇಳ್ಕೊಳ್ಳಿ. ನಿಮ್ಮಕ್ಕನ ಕಿವೀಲೂ ಇದನ್ನೇ ಹೇಳಿದೀನಿ. ತುಟಿ ಆಡಿಸಿದ್ರೆ ನಮ್ಮ ಮಿಷನ್ ಮುನಿಸ್ಕೊಳ್ಳತ್ತೆ,” ಎಂದು ಡಾಕ್ಟರಮ್ಮ ನಕ್ಕರು.

ಅಪ್ಪನಿಗೆ ದಮ್ಮು. ಮೂರನೆಯ ಸಾಲಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಅದೂ ಪದ್ಯದ್ದೇ ಎಂದುಕೊಂಡು ನಾವೂ ಅಲ್ಲೇ ನಿಲ್ಲುವುದನ್ನು ಕಲಿತಿದ್ದೆವು.

ಗಂಟೆಯಾಯಿತು. ಎರಡು ಸಾಲು ಹೇಳಿಕೊಳ್ಳುವಷ್ಟರಲ್ಲಿ ನನ್ನ ಬಲಗೈ ತಣ್ಣಗಾಗಿ, ಇನ್ನಾರದೋ ಕೈಯಂತೆ ಭಾರವಾಯಿತು. ಮೂರನೆಯ ಸಾಲು ನೆನಪಿಗೇ ಬರಲಿಲ್ಲ. ನಾಚಿಕೆಯಿಂದ ಪದ್ಯವನ್ನು ಅಲ್ಲಿಗೇ ಬಿಟ್ಟು ಕಣ್ಣು ತಗ್ಗಿಸಿ ಕುಳಿತೆ. ಮಧ್ಯಾಹ್ನದ ಬಿಸಿಲು ಮೊಣಕಾಲ ಮೇಲೆ ನೀರಿನಂತೆ ಆಡುತ್ತಿತ್ತು.

ಆಮೇಲೆ ಡಾಕ್ಟರಮ್ಮ ಅಕ್ಕನ ಮಿದುಳಿನ ಗೆರೆ ಮೂಡಿದ ಕಾಗದ ತೋರಿಸಿದರು. “ಮೂರನೇ ಸಾಲಿನ ಹೊತ್ತಿಗೆ ಗೆರೆ ಹೀಗೆ ನಿಂತು, ಮತ್ತೆ ಹೊರಟಿದೆ. ಯಾಕೆ?”

“ಮಾವನವರ ಉಸಿರು. ಒಳಗಿದ್ದಾಳೆ,” ಎಂದು ಭಾವ ಬಿಕ್ಕಿದರು.

“ನಾನು ಅಲ್ಲಿಗೇ ಮರೆತುಬಿಟ್ಟೆ ಡಾಕ್ಟರಮ್ಮ. ಮುಂದೆ ಹೇಳಲೇ ಇಲ್ಲ.”

ಅವರು ನನ್ನ ಕಾಗದವನ್ನು ಎರಡು ಸಲ ನೋಡಿ ನನ್ನೆದುರಿಟ್ಟರು. ನನ್ನ ಗೆರೆಯೂ ಅದೇ ಜಾಗದಲ್ಲಿ ನಿಂತು, ಕೊನೆಯ ಸಾಲಿನವರೆಗೂ ಹೋಗಿತ್ತು.