ಅಪ್ಪನ ಕೈಯ ಹುಣ್ಣಿಮೆ

ಶರದೃತುವಿನ ಹುಣ್ಣಿಮೆ, ದೀಪ ಹಚ್ಚುವ ಹೊತ್ತು. ನಾಥದ್ವಾರದ ಚಿತ್ರಗಾರರ ಬೀದಿಯಲ್ಲಿ ಖೇಮರಾಜನ ಮನೆಗೆ ಅಹಮದಾಬಾದಿನ ಸೇಠಾಣಿಯೊಬ್ಬಳು ಬಂದಿದ್ದಳು. ಹೊಸ ಬಂಗಲೆಯ ನಡುಮನೆಗೆ ಹಳೇ ಕಾಲದ ಪಿಛವಾಯಿಯ ನಕಲು ಬೇಕಿತ್ತು ಅವಳಿಗೆ. ಒಂದು ಕಾಲಕ್ಕೆ ದೇವರ ಬೆನ್ನ ಹಿಂದೆ ತೂಗುತ್ತಿದ್ದ ಆ ಚಿತ್ರದ ಬಟ್ಟೆ ಈಗ ಉಳ್ಳವರ ಸೋಫಾದ ಬೆನ್ನ ಹಿಂದೆಯೂ ತೂಗುತ್ತದೆ. ಖೇಮರಾಜನ ಗೋಡೆ ತುಂಬ ಅಂಥ ನಕಲುಗಳೇ. ಒಂದೊಂದನ್ನೂ ನೋಡಿ ಮುಗಿಸಿದ ಸೇಠಾಣಿ ಕೇಳಿದಳು:

"ಇದ್ರಲ್ಲಿ ನಿಮ್ಮ ಅಪ್ಪಾಜಿ ಬರೆದಿದ್ದು ಯಾವ್ದು?"

"ಅವರದ್ದು ಇಲ್ಲಿ ಯಾವುದೂ ಇಲ್ಲ."

"ಅಯ್ಯೋ, ಮಗನ ಮನೇಲೇ ಇಲ್ವಾ?"

ನಗುತ್ತ ಆಡಿದ ಮಾತು. ಅವಳು ಎದ್ದು ಹೋದಳು, ಮಾತು ಹೋಗಲಿಲ್ಲ.

ಅಪ್ಪ ಬರೆದದ್ದರಲ್ಲಿ ಉಳಿದಿದ್ದದ್ದು ಒಂದೇ ಬಟ್ಟೆ. ಕಡುನೀಲಿ ಆಕಾಶ, ತುಂಬುಚಂದ್ರ, ತಾವರೆಯ ಕೊಳ, ಕತ್ತೆತ್ತಿ ನಿಂತ ಹಸುಗಳು. ಅದು ಕಾಂಕರೋಲಿಯಲ್ಲಿ, ಅಕ್ಕ ಧಾಪೂಬಾಯಿಯ ಮನೆಯಲ್ಲಿತ್ತು. ಅವಳು ಮದುವೆಯಾಗಿ ಹೊರಟಾಗ ಅಪ್ಪ ತಾನೇ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದ. ಬಣ್ಣದ ಕಲ್ಲು ಅರೆದು ಅಂಗೈ ಒಡೆಸಿಕೊಂಡವನು ಖೇಮರಾಜ, ಚಂದ್ರ ಸಿಕ್ಕಿದ್ದು ಅಕ್ಕನಿಗೆ. ಹೆತ್ತ ತಾಯಿ ಬಾಣಂತಿತನದಲ್ಲೇ ಹೋದ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ, ನಿಜ. ಆದರೆ ಅದು ಬೇರೆ ಲೆಕ್ಕ ಎಂದುಕೊಂಡಿದ್ದ.

ಒಮ್ಮೆ ಬಾಯಿಬಿಟ್ಟು ಕೇಳಿಯೂ ಇದ್ದ. "ಜೀಜೀ, ಅದನ್ನ ನಂಗೆ ಕೊಡು. ಬದಲಿಗೆ ಎರಡು ಬರ್ಕೊಡ್ತೀನಿ."

"ಎರಡ್ಯಾಕೋ, ಇಪ್ಪತ್ತು ಬರೀತೀಯ ನೀನು. ಅದಕ್ಕೇ ಕೊಡಲ್ಲ" ಎಂದು ಅಕ್ಕ ನಕ್ಕುಬಿಟ್ಟಿದ್ದಳು.

ಖೇಮರಾಜ ನಗಲಿಲ್ಲ. ಆಮೇಲೆ ಎಷ್ಟೋ ವರ್ಷ ಭಾಯಿದೂಜಿಗೆ, ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಕುಂಕುಮವಿಟ್ಟು ಉಣಬಡಿಸುವ ಆ ದಿನಕ್ಕೂ, ಕೆಲಸದ ನೆಪ ಹೇಳಿ ಅವನು ಹೋಗಲಿಲ್ಲ.

ಸೇಠಾಣಿ ಬಂದುಹೋದ ಆ ಹುಣ್ಣಿಮೆಯಲ್ಲೇ ಉಪಾಯ ಹೊಳೆಯಿತು. ಕದ್ದದ್ದನ್ನು ಪೆಟ್ಟಿಗೆಯಲ್ಲಿ ಬಚ್ಚಿಡುವವನು ದಡ್ಡ. ನಕಲು ಮಾರುವವನ ಮನೆಯಲ್ಲಿ, ನಕಲುಗಳ ನಡುವೆ, ಎಲ್ಲರ ಕಣ್ಣೆದುರಿಗೇ ಅಸಲನ್ನು ತೂಗುಬಿಟ್ಟರೆ ಯಾರು ಅನುಮಾನಪಟ್ಟಾರು? ಅಕ್ಕನೇ ಬಂದು ನೋಡಿದರೂ, "ಮತ್ತೊಂದು ಬರೆದ್ಯಾ?" ಎನ್ನುತ್ತಾಳೆ, ಅಷ್ಟೆ. ಬದಲಿಗೆ ನಕಲೊಂದನ್ನು ತೂಗುಬಿಟ್ಟರೆ ಅವಳ ಗೋಡೆಯೂ ಖಾಲಿ ಇರುವುದಿಲ್ಲ. ಯಾರಿಗೂ ನಷ್ಟವಿಲ್ಲದ ಕಳವು.

ಆ ವರ್ಷದ ಭಾಯಿದೂಜಿಗೆ ಹೋದ. ತಮ್ಮ ಬಂದನೆಂದು ಅಕ್ಕ ಸೆರಗು ಬಾಯಿಗೊತ್ತಿ ಅತ್ತಳು. ಅವಳ ಭುಜದ ಮೇಲಿಂದ ಅವನು ಗೋಡೆಯನ್ನು ನೋಡುತ್ತಿದ್ದ. ಸೋರಿದ ನೀರಿನ ಕಲೆ ಎಲ್ಲಿಂದ ಎಲ್ಲಿಯವರೆಗೆ, ಚಂದ್ರನ ಯಾವ ಮಗ್ಗುಲು ಬಿರುಕುಬಿಟ್ಟಿದೆ, ಮೇಲಂಚು ಎಲ್ಲಿ ಹರಿದಿದೆ, ಎಲ್ಲವನ್ನೂ ಕಣ್ಣಿನಲ್ಲೇ ಹೊತ್ತು ತಂದ.

ಉಳಿದದ್ದು ಕೈಕೆಲಸ. ಅಪ್ಪ ಆ ಬಟ್ಟೆಗೆಂದೇ ಸೂಜಿಯಿಂದ ಚುಚ್ಚಿ ಮಾಡಿಕೊಂಡಿದ್ದ ರೇಖೆಯ ಕಾಗದ ಟ್ರಂಕಿನಲ್ಲಿ ಭದ್ರವಾಗಿತ್ತು. ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದ. ಅಪ್ಪನ ಗೆರೆಗಳೆಲ್ಲ ಚುಕ್ಕಿಚುಕ್ಕಿಯಾಗಿ ಇಳಿದವು. ಇದಕ್ಕಿಂತ ಸಾಚಾ ನಕಲು ಲೋಕದಲ್ಲಿ ಇನ್ನಾವುದಿದ್ದೀತು? ಶೀಶೆಯ ಬಣ್ಣ ಮುಟ್ಟದೆ, ಹಳೆಯ ಕ್ರಮದಂತೆ ಕಲ್ಲು ಅರೆದು ಬಣ್ಣ ಮಾಡಿಕೊಂಡ. ಮುಗಿದ ಬಟ್ಟೆಗೆ ಚಹಾದ ಕಷಾಯ ಕುಡಿಸಿ, ಮಳೆಗಾಲವಿಡೀ ಒಲೆಯ ಮೇಲೆ ಹೊಗೆಗೆ ಕಟ್ಟಿದ. ಕಲೆ, ಬಿರುಕು, ಹರಿದ ಅಂಚು, ಒಂದೊಂದನ್ನೂ ಅದರದರ ಜಾಗದಲ್ಲಿ ಮೂಡಿಸಿದ. ಇಷ್ಟು ಪ್ರೀತಿಯಿಂದ ಯಾವ ಗಿರಾಕಿಗೂ ಅವನು ಬರೆದುಕೊಟ್ಟಿರಲಿಲ್ಲ.

ಮರುವರ್ಷದ ಭಾಯಿದೂಜು. ಚೀಲದ ತಳದಲ್ಲಿ ಸುರುಳಿ, ಮೇಲೆ ಅಕ್ಕನಿಗೆ ತಂದ ಸೀರೆ. ಮಧ್ಯಾಹ್ನದ ದರ್ಶನಕ್ಕೆ ಅಕ್ಕ ಸೊಸೆಯೊಂದಿಗೆ ಹೊರಟಳು.

"ನೀವು ಹೋಗ್ಬನ್ನಿ ಜೀಜೀ, ಮಂಡಿ ನೋಯ್ತಿದೆ."

"ನನಗಿಲ್ಲದ ಮಂಡಿನೋವು ನಿನಗೇನೋ? ದೇವರ ಹತ್ರಾನೂ ಕಳ್ಳಾಟ! ಇರ್ಲಿ, ಬಾಗ್ಲು ನೋಡ್ಕೊ. ಕೋತಿ ನುಗ್ತಾವೆ, ನಿನಗೇಂತ ಗೋಧಿನುಚ್ಚಿನ ಸಿಹಿ ಲಾಪಸಿ ಮಾಡಿಟ್ಟಿದೀನಿ."

ಹೆಜ್ಜೆಸದ್ದು ಬೀದಿಯಲ್ಲಿ ಕರಗಿದ ಮೇಲೆ ಎದ್ದ. ಬಟ್ಟೆಯ ಕೆಳಗೆ ಸಾಲಾಗಿಟ್ಟಿದ್ದ ಹಿತ್ತಾಳೆ ಕೊಡಗಳನ್ನು ಸರಿಸಿ, ಬಟ್ಟೆ ತೂಗಿದ್ದ ಬಿದಿರ ಕೋಲು ಇಳಿಸಿ, ಅಪ್ಪನ ಬಟ್ಟೆಯನ್ನು ಕೆಳಗಿನಿಂದ ಸುತ್ತುತ್ತ ಮೇಲಕ್ಕೆ ಬಂದ. ಕಣ್ಣು ಮಾತ್ರ ಚಂದ್ರನನ್ನು ಬಿಟ್ಟು ಕದಲಲಿಲ್ಲ. ಹೊಸದನ್ನು ತೂಗುಬಿಟ್ಟು, ಕೊಡಗಳನ್ನು ಮತ್ತೆ ಜೋಡಿಸಿ, ಹಿಂದೆ ಸರಿದು ನೋಡಿದ. ಬರೆದವನಿಗೇ ಗುರುತು ಹತ್ತದಂತಿತ್ತು. ನೋಡಪ್ಪಾ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಅಕ್ಕ ಬಂದಳು. ಗೋಡೆಯತ್ತ ಒಮ್ಮೆ ನೋಡಿ ಕೈಮುಗಿದಳು. ಮಣೆ ಹಾಕಿ ತಮ್ಮನನ್ನು ಕೂರಿಸಿ, ತಲೆಯ ಮೇಲೆ ಕರವಸ್ತ್ರ ಹೊದಿಸಿ, ಕುಂಕುಮ ಕಲಸಿದಳು. ಖೇಮರಾಜ ಹಣೆಯೊಡ್ಡಿದ.

"ತಾಳೋ ತಮ್ಮಾ. ಹೋದ್ವರ್ಷ ನೀನು ಬಂದ ಖುಷೀಲಿ ಅವನನ್ನ ಮರೆತೇಬಿಟ್ಟಿದ್ದೆ. ಈ ಸಲ ಮೊದ್ಲು ಅವನಿಗೆ."

ಬಲಗಡೆಯ ಕೊನೆಯ ಕೊಡ ಸರಿಸಿ, ಕುಂಕುಮದ ಉಂಗುರಬೆರಳು ಚಾಚಿ ಬಾಗಿದಳು. ಬಾಗಿದವಳು ಹಾಗೇ ನಿಂತಳು.

"ಕರು ಎಲ್ಲೋ, ಖೇಮಾ?"

ಯಾವ ಕರು ಎಂದು ಅವನಿಗೆ ತಿಳಿಯಲಿಲ್ಲ. ಅಕ್ಕ ಗೋಡೆಗೇ ಮುಖವಿಟ್ಟು ಹೇಳಿದಳು: "ಅಮ್ಮ ಹೋದ ವರ್ಷ. ನೀನು ತೊಟ್ಟಿಲಲ್ಲಿದ್ದೆ, ಅಳು ನಿಲ್ಲಿಸ್ತಿರಲಿಲ್ಲ. ಅಪ್ಪ ಈ ಬಟ್ಟೆ ಮುಗಿಸಿ ಮಲಗಿದ್ರು. ನಾನು ಅವರ ಕುಂಚ ತಗೊಂಡು ಇಲ್ಲಿ ಬೆರಳುದ್ದ ಒಂದು ಕರು ಬರೆದೆ. ನೀನೇ ಕಣೋ ಅದು. ಅಪ್ಪ ನೋಡಿದ್ರು, ಅಳಿಸಲಿಲ್ಲ. ನೀನು ಬಾರದ ವರ್ಷವೆಲ್ಲ ಅವನ ಹಣೆಗೇ ಬೊಟ್ಟಿಟ್ಟು ಉಂಡಿದೀನಿ." ಅಪ್ಪ ಚುಚ್ಚಿಟ್ಟ ಕಾಗದದಲ್ಲಿ ಅಪ್ಪನ ಗೆರೆಗಳಷ್ಟೇ ಇದ್ದವು, ಆಮೇಲೆ ಒಬ್ಬ ಹುಡುಗಿ ಬರೆದದ್ದು ಅದರಲ್ಲಿ ಹೇಗಿದ್ದೀತು? ಖೇಮರಾಜ ತಾನೇ ಚೀಲಕ್ಕೆ ಕೈಹಾಕಿ ಸುರುಳಿ ತೆಗೆದು ನೆಲದ ಮೇಲೆ ಬಿಚ್ಚಿದ. ಮೂಲೆಯಲ್ಲಿ, ಕೊಡದ ಮರೆಗೆ ಸರಿಯಾಗಿ, ಕಾಲು ಸೊಟ್ಟಗಿದ್ದ ಪುಟ್ಟ ಕರುವೊಂದು ನಿಂತಿತ್ತು. ವರ್ಷವರ್ಷದ ಕುಂಕುಮ ಅದರ ಹಣೆಯಲ್ಲಿ ಹೆಪ್ಪುಗಟ್ಟಿತ್ತು. ಅಕ್ಕ ಕೂತು ಅದಕ್ಕೆ ಬೊಟ್ಟಿಟ್ಟಳು, ಬೆರಳಲ್ಲಿ ಉಳಿದದ್ದನ್ನು ಸೆರಗಿಗೆ ಒರೆಸಿಕೊಂಡಳು. "ಇವನು ಇಲ್ಲೇ ಇರ್ತಾನೆ. ನೀನು ನಿಂದು ತಗೊಂಡು ಹೊರಡು" ಅಂದಳು, ಬೈಗುಳವಿಲ್ಲ, ಅಳುವಿಲ್ಲ. ಲಾಪಸಿ ಮುಚ್ಚಿದ್ದು ಮುಚ್ಚಿದ್ದಂತೆಯೇ ಇತ್ತು. ಒಲೆಯ ಹೊಗೆ ನಾರುವ ನಕಲನ್ನು ಚೀಲಕ್ಕೆ ತುರುಕಿಕೊಂಡು, ಬರಿ ಹಣೆಯಲ್ಲಿ, ಭಾಯಿದೂಜಿನ ದಿನವೇ ಖೇಮರಾಜ ಕಾಂಕರೋಲಿ ಬಿಟ್ಟು ಹೋದ.