ಕಣ್ಣಿಗೆ ಪಟ್ಟಿ ಕಟ್ಟಿದ ಕರಡಿ

‘ಯಾವ ಪುಸ್ತಕವೂ ಸಿಗಲಿಲ್ಲ’ ಎಂದಿತು ಲೈಬ್ರರಿಯ ಕಂಪ್ಯೂಟರ್.

ಅಕ್ಕ ಹಲ್ಲು ಕಚ್ಚಿಕೊಂಡು ಇನ್ನಷ್ಟು ಟೈಪ್ ಮಾಡಿದಳು: ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಪುಟ್ಟ ಕರಡಿ ಇರುವ ನೀಲಿ ಬಣ್ಣದ ಕತೆ ಪುಸ್ತಕ ಡಾಕ್ಟರ್ ಕ್ಲಿನಿಕ್‌ನಲ್ಲಿ ಇತ್ತು.

‘ಯಾವ ಪುಸ್ತಕವೂ ಸಿಗಲಿಲ್ಲ.’

ತಂಗಿ ಹುಟ್ಟಿದ ದಿನದಿಂದ ಅವಳನ್ನು ಮನೆಯಲ್ಲಿ ಅಪ್ಪ, ಅಮ್ಮ ಕೂಡ ‘ಅಕ್ಕ’ ಎಂದೇ ಕರೆಯುತ್ತಾರೆ. ತಂಗಿಗೆ ‘ಚಿನಕುರುಳಿ’ ಎಂದು ಹೆಸರು ಬಿದ್ದದ್ದು ಅವಳು ಮಾತು ಕಲಿತ ಮೇಲೆ. ಬಾಯಿ ತೆರೆದರೆ ಪಟಪಟ.

ಆ ಚಿನಕುರುಳಿ ಈಗ ಠುಸ್ ಆಗಿದ್ದಳು. ಅವಳ ಒಂದು ಕಣ್ಣು ಚುರುಕು, ಇನ್ನೊಂದು ಸೋಮಾರಿ. ಚುರುಕು ಕಣ್ಣನ್ನು ದಿನಾ ಸ್ವಲ್ಪ ಹೊತ್ತು ಪಟ್ಟಿಯಿಂದ ಮುಚ್ಚಿದರೆ ಸೋಮಾರಿ ಕಣ್ಣು ಕೆಲಸ ಕಲಿಯುತ್ತದೆ, ಈಗ ಕಲಿಯದಿದ್ದರೆ ದೊಡ್ಡವಳಾದ ಮೇಲೆ ಕಷ್ಟ ಎಂದಿದ್ದರು ಡಾಕ್ಟರ್. ಅವಳೋ, ಅಂಟಿಸಿದ ಮರುಕ್ಷಣವೇ ಪಟ್ಟಿ ಕಿತ್ತು ಹಾಕುತ್ತಿದ್ದಳು. ಕ್ಲಿನಿಕ್‌ನಲ್ಲಿ ಕಾಯುವಾಗ ಅಕ್ಕ ಅವಸರದಲ್ಲಿ ಚಿತ್ರ ತೋರಿಸಿ ಹೇಳಿದ ಕತೆಯನ್ನು ಮಾತ್ರ ಮೈಯೆಲ್ಲ ಕಿವಿಯಾಗಿ ಕೇಳಿದ್ದಳು. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಆ ಪುಸ್ತಕ ಸಿಕ್ಕಿದರೆ ತಂಗಿ ಖಂಡಿತ ಪಟ್ಟಿ ಹಾಕಿಕೊಳ್ಳುತ್ತಾಳೆ ಎಂದು ಅಕ್ಕನ ನಂಬಿಕೆ.

ಪುಸ್ತಕದ ಗಾಡಿ ತಳ್ಳುತ್ತ ಬಂದ ಲೈಬ್ರರಿ ಅಂಕಲ್ ನಿಂತು ಪರದೆ ನೋಡಿದರು.

“ಏನಮ್ಮ, ಪ್ರಬಂಧ ಬರೀತಿದ್ದೀಯಾ?”

“ಸಿಗ್ತಾನೇ ಇಲ್ಲ ಅಂಕಲ್. ನಂಗೆ ಗೊತ್ತಿರೋದೆಲ್ಲ ಹೇಳಿದೀನಿ.”

“ಅದೇ ಎಡವಟ್ಟು. ನೀನು ಹೇಳಿದ ಅಷ್ಟೂ ಪದ ಒಂದೇ ಪುಸ್ತಕದ ವಿವರದಲ್ಲಿ ಇರಬೇಕು ಅಂತ ಇದು ಹುಡುಕುತ್ತೆ. ಒಂದು ಇಲ್ದೇ ಹೋದ್ರೂ ಕೈ ಎತ್ತಿಬಿಡುತ್ತೆ. ನೀಲಿ ಬಣ್ಣ, ಕ್ಲಿನಿಕ್ಕು, ಇದೆಲ್ಲ ಅದಕ್ಕೇನು ಗೊತ್ತು ಪಾಪ? ಕಡಿಮೆ ಹೇಳು.”

ಅಕ್ಕ ಎಲ್ಲ ಅಳಿಸಿ ‘ಕರಡಿ’ ಎಂದಷ್ಟೇ ಬರೆದಳು. ಪರದೆ ತುಂಬ ಕರಡಿಗಳು ದಂಡು ಕಟ್ಟಿಕೊಂಡು ಬಂದವು. ನಿದ್ದೆ ಬಾರದ ಕರಡಿ, ಸೈಕಲ್ ಹೊಡೆಯುವ ಕರಡಿ, ನೆಗಡಿಯಾದ ಕರಡಿ. ಕಣ್ಣಿಗೆ ಪಟ್ಟಿ ಕಟ್ಟಿದ್ದು ಒಂದೂ ಇಲ್ಲ.

“ಕರಡಿ ಬಿಡು. ಕತೆ ಯಾವುದರ ಬಗ್ಗೆ?”

“ಕಣ್ಣಿನ ಬಗ್ಗೆ.”

‘ಕಣ್ಣು ಕತೆ’ ಎಂದು ಬರೆದಾಗ ಕನ್ನಡಕ ಹಾಕಿಕೊಂಡ ಗೂಬೆಯೊಂದು ಬಂತು. ಅಕ್ಕನ ಮುಖ ಇಳಿಯಿತು. “ಇದಲ್ಲ ಅಂಕಲ್.”

“ಇದಲ್ಲ, ಸರಿ. ಇದರ ನೆಂಟರನ್ನ ಕೇಳೋಣ.” ಗೂಬೆಯ ಪುಸ್ತಕದ ಕೆಳಗೆ ‘ವಿಷಯ: ಕಣ್ಣಿನ ತೊಂದರೆ, ಮಕ್ಕಳ ಕತೆಗಳು’ ಎಂದಿತ್ತು. ಅಂಕಲ್ ಅದನ್ನು ತೋರಿಸಿದರು. “ಒಂದೇ ವಿಷಯದ ಪುಸ್ತಕಗಳಿಗೆಲ್ಲ ನಾವು ಇದೇ ಸಾಲು ಬರೆದಿರ್ತೀವಿ. ಒತ್ತು.”

ಒತ್ತಿದಳು. ನೀಲಿ ಮುಖಪುಟ, ಕಣ್ಣಿಗೆ ಪಟ್ಟಿ. ಅದೇ ಪುಸ್ತಕ. ಆದರೆ ಅದು ಕರಡಿಯೇ ಅಲ್ಲ, ಕೂದಲು ಕೆದರಿದ ದಪ್ಪ ನಾಯಿಮರಿ.

“ಬೀದೀಲಿರೋದಕ್ಕೆ ಇಡೀ ಕಾಡು ಹುಡುಕಿಸಿದೆಯಲ್ಲಮ್ಮ,” ಎಂದು ಅಂಕಲ್ ನಕ್ಕರು.

ಪಕ್ಕದಲ್ಲಿ ‘ಓದುಗರ ಬಳಿ ಇದೆ’ ಎಂದಿತ್ತು. ಯಾರೋ ಅದನ್ನು ಮನೆಗೆ ಒಯ್ದಿದ್ದರು.

“ಕೆಳಗೆ ‘ಕಾಯ್ದಿರಿಸಿ’ ಅಂತ ಇದೆ ನೋಡು, ಅದನ್ನ ಒತ್ತು. ಅವರು ವಾಪಸ್ ಕೊಟ್ಟ ತಕ್ಷಣ ನಿನಗೇ ಎತ್ತಿಡ್ತೀನಿ.”

ಅಕ್ಕ ಅದನ್ನೂ ಒತ್ತಿದಳು. ಆದರೆ ಬರಿಗೈಯಲ್ಲಿ ಮನೆಗೆ ನಡೆಯುವಾಗ ಅಳು ಬರುವಂತಾಗಿತ್ತು. ಪುಸ್ತಕ ಬರುವವರೆಗೆ ಸೋಮಾರಿ ಕಣ್ಣು ಕಾಯುತ್ತದೆಯೇ?

ಮನೆಯಲ್ಲಿ ಚಿನಕುರುಳಿ ಊಟದ ಮೇಜಿನ ಕೆಳಗೆ ಕೂತಿದ್ದಳು. ಪಟ್ಟಿ ಮೇಜಿನ ಕಾಲಿಗೆ ಅಂಟಿಕೊಂಡಿತ್ತು.

“ನಂಗಂತೂ ಹೇಳಿ ಹೇಳಿ ಸಾಕಾಯ್ತು. ನೀನಾದ್ರೂ ಹೇಳು,” ಎಂದಳು ಅಮ್ಮ, ಬಟ್ಟೆ ಮಡಿಸುತ್ತ.

ಅಕ್ಕ ಬಗ್ಗಿ ಶುರುಮಾಡಿದಳು. “ಹಾಕ್ಕೋ ಪುಟ್ಟಿ, ಇಲ್ಲಾಂದ್ರೆ ಕಣ್ಣು ಹಾಳಾಗುತ್ತೆ, ಡಾಕ್ಟರ್ ಬೈತಾರೆ, ಅಮ್ಮಂಗೆ ಬೇಜಾರಾಗುತ್ತೆ, ಚಾಕೊಲೇಟ್ ಕೊಡ್ತೀನಿ, ಆಮೇಲೆ…”

ತಂಗಿ ಮುಖ ಗಂಟಿಕ್ಕಿಕೊಂಡು ಗೋಡೆಯ ಕಡೆ ತಿರುಗಿದಳು.

ಅಕ್ಕ ತಟ್ಟನೆ ಮಾತು ನಿಲ್ಲಿಸಿದಳು. ಇಷ್ಟೆಲ್ಲ ಒಟ್ಟಿಗೆ ಹೇಳಿದ್ದಕ್ಕೆ ಲೈಬ್ರರಿಯ ಕಂಪ್ಯೂಟರ್ ಕೂಡ ಹೀಗೇ ಮುಖ ತಿರುಗಿಸಿತ್ತು.

ಮೇಜಿನ ಕೆಳಗೆ ನುಸುಳಿ ತಂಗಿಯ ಪಕ್ಕ ಕೂತಳು. ಈ ಸಲ ಒಂದೇ ಪದ ಕೇಳಿದಳು.

“ನೋವಾ?”

ತಂಗಿ ಇಲ್ಲವೆಂದು ತಲೆ ಆಡಿಸಿದಳು.

“ಕಡಿಯುತ್ತಾ?”

ಅದೂ ಇಲ್ಲ.

“ಭಯಾನಾ?”

ಚಿನಕುರುಳಿ ಗೋಡೆ ಬಿಟ್ಟು ಅಕ್ಕನ ಕಡೆ ತಿರುಗಿದಳು. “ಅದು ಹಾಕಿದ್ರೆ ನಿನ್ನ ಮುಖ ಇರಲ್ಲ ಅಕ್ಕ. ಅಮ್ಮಂದೂ ಇರಲ್ಲ. ಬರೀ ಮಸಕು.”

ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಅಕ್ಕ ಮೇಜಿನ ಕಾಲಿನಿಂದ ಪಟ್ಟಿಯನ್ನು ಬಿಡಿಸಿದಳು.

“ನಾನು ಎಲ್ಲಿಗೆ ಬಂದ್ರೆ ಕಾಣ್ತೀನಿ, ನೀನೇ ಹೇಳು.”

ತಂಗಿ ಯೋಚಿಸಿ, ಕಣ್ಣು ಮುಚ್ಚಿ ಮುಖ ಒಡ್ಡಿದಳು. ಅಕ್ಕ ಮೆಲ್ಲಗೆ ಪಟ್ಟಿ ಅಂಟಿಸಿದಳು.

“ಇಲ್ಲಿ?”

“ಊಹೂಂ.”

“ಇಲ್ಲಿ?”

“ಇನ್ನೂ ಹತ್ರ.”

ಮೂಗಿಗೆ ಮೂಗು ತಾಗಿತು.

“ಹಾಂ, ಈಗ ಇದೀಯ,” ಎಂದು ಚಿನಕುರುಳಿ ಕಿಸಕ್ಕನೆ ನಕ್ಕಳು. “ಆ ಕತೇಲಿ ಆಮೇಲೆ ಏನಾಯ್ತು?”

“ಪುಸ್ತಕ ಬಂದ ಮೇಲೆ ನೋಡೋಣ. ಅದು ಕರಡಿ ಅಲ್ವಂತೆ ಕಣೇ, ನಾಯಿಮರಿಯಂತೆ.”

“ನಂಗೊತ್ತಿತ್ತು. ಅಷ್ಟುದ್ದ ಬಾಲ ಇತ್ತಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ.”

ನಗು ಕೇಳಿ ಅಮ್ಮ ಬಗ್ಗಿ ನೋಡಿದಳು. “ಅರೆ, ಹಾಕ್ಕೊಂಡ್ಯಾ? ಜಾಣೆ. ನೋಡು, ಹೀಗೇ ದಿನಾ ಹಾಕ್ಕೊಂಡ್ರೆ ಬೇಗ…”

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. “ಅಲ್ಲಿಂದ ನೀನು ಅವಳಿಗೆ ಕಾಣಲ್ಲಮ್ಮ. ಒಳಗೆ ಬಾ.”

ಅಮ್ಮ ಅರ್ಧ ಮಡಿಸಿದ ಟವೆಲ್ ಹಿಡಿದುಕೊಂಡೇ ಮೇಜಿನ ಕೆಳಗೆ ಬಂದು ಕೂತಳು.