ಇಪ್ಪತ್ತೊಂಬತ್ತರ ಹಲಗೆ

ಒಬ್ಬ ಈಜುಗಾರ್ತಿಯನ್ನು ತಯಾರು ಮಾಡಲು ಏನು ಖರ್ಚಾಗುತ್ತದೆ ಎಂದು ಕೇಳಿದರೆ ನಾನು ಹೇಳಬಲ್ಲೆ. ಒಂಬತ್ತು ವರ್ಷಗಳ ಮುಂಜಾನೆಯ ನಿದ್ದೆ, ಅದೂ ಇಬ್ಬರದು: ಮಗಳದು, ಅವಳನ್ನು ಎಬ್ಬಿಸುವ ಅಮ್ಮನದು. ಕ್ಲೋರಿನ್‌ಗೆ ಸಿಕ್ಕಿ ಪೊರಕೆಯಾದ ಒಂದು ಜಡೆ. ಎಡಭುಜದಲ್ಲಿ ಒಂದು ನೋವು, ಬಂದ ನೆಂಟ ಹಿಂದಿರುಗಲು ಮರೆತಂತೆ ಅದು ಅಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಸುರಿದ ಮೇಲೂ ಗೋಡೆ ಮುಟ್ಟುವಾಗ ಒಂದು ಬೆರಳಷ್ಟು ಹಿಂದೆ ಬಿದ್ದರೆ ಯಾವುದೂ ವಾಪಸ್ ಬರುವುದಿಲ್ಲ.

ಒಬ್ಬ ಕೋಚ್‌ನನ್ನು ತಯಾರು ಮಾಡಲು ಏನು ಖರ್ಚಾಗುತ್ತದೆ ಎಂಬುದು ಬೇರೆ ಲೆಕ್ಕ. ಅದನ್ನೂ ನಾನೇ ತೆತ್ತಿದ್ದೇನೆ.

ಆ ಕೋಚ್‌ಗೆ ನಮ್ಮ ಈಜು ಕ್ಲಬ್‌ನಲ್ಲಿ ಸನ್ಮಾನವಿದ್ದ ದಿನ ಬೆಳಿಗ್ಗೆ ನಾನು ಎಂದಿನಂತೆ ಕೊಳದ ಅಂಚಿನಲ್ಲಿ ಮಂಡಿಯೂರಿ, ಗಾಜಿನ ಕೊಳವೆಯಲ್ಲಿ ನೀರು ತುಂಬಿಸಿ, ಔಷಧಿ ಹನಿ ಬಿಟ್ಟು ಬಣ್ಣ ನೋಡುತ್ತಿದ್ದೆ. ಈ ಕ್ಲಬ್‌ನಲ್ಲಿ ನನ್ನ ಕೆಲಸ ಎರಡು. ನೀರು ಪರೀಕ್ಷಿಸುವುದು, ಐದಾರು ವರ್ಷದ ಮಕ್ಕಳಿಗೆ ತೇಲುವುದನ್ನು ಕಲಿಸುವುದು.

"ಮೊಸಳೆ ಇನ್ನೂ ಇದೇ ಕೊಳದಲ್ಲಿದೆಯಾ?"

ಹಿಂದಿರುಗಿ ನೋಡಬೇಕಾಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೀ ಕಣ್ಣನ್ನು ನೀರಿನಿಂದ ಮೇಲಿಟ್ಟುಕೊಂಡು ಅವನನ್ನು ನೋಡುತ್ತಿದ್ದೆ ಎಂದು ಅವನಿಟ್ಟ ಹೆಸರು ಅದು. ಅವನು ಈಜುತ್ತಿದ್ದುದು ಬ್ರೆಸ್ಟ್‌ಸ್ಟ್ರೋಕ್, ಕಪ್ಪೆಯ ಹಾಗೆ ಕಾಲು ಒದೆಯುವ ಈಜು. ಹಾಗಾಗಿ ನನ್ನ ಪಾಲಿಗೆ ಕಪ್ಪೆ.

"ಕಪ್ಪೆಗಳು ಷೂ ಹಾಕ್ಕೊಂಡು ಡೆಕ್ ಮೇಲೆ ಬರಬಾರದು. ಬೋರ್ಡ್ ಓದೋಕೆ ಬರಲ್ವಾ?"

ಅವನು ನಿಂತಲ್ಲೇ ಷೂ ಬಿಚ್ಚಿ, ಕಾಲ್ಚೀಲ ಅದರೊಳಗೆ ತುರುಕಿ, ಪಕ್ಕದಲ್ಲಿ ಬಂದು ಕೂತ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನ ಕೈಯ ಕೊಳವೆಯನ್ನು ನೋಡುವ ನೆಪದಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದ. ಆ ನೋಟ ಬದಲಾಗಿರಲಿಲ್ಲ, ಆ ನೋಟಕ್ಕೆ ಬಿಸಿಯಾಗುವ ನನ್ನ ಕಿವಿಯೂ.

"ಮುಂದಿನ ತಿಂಗಳು ಇಲ್ಲಿಗೇ ಬರ್ತೀನಿ. ಹೆಡ್ ಕೋಚ್ ಆಗಿ."

"ಒಳ್ಳೇದಾಯ್ತು. ಮೂರನೇ ಬೀರು ಖಾಲಿ ಇದೆ."

"ಬೀರು ಬೇಡ. ನಿನ್ನ ಮನೇಲಿ ಜಾಗ ಇದೆಯಾ?"

ಕೊಳವೆಯನ್ನು ಬೆಳಕಿಗೆ ಹಿಡಿದೆ. ಅದರಲ್ಲಿದ್ದ ಬಣ್ಣ ನನಗೆ ಕಾಣಲೇ ಇಲ್ಲ.

"ಈ ಮಾತು ಹೇಳೋಕೆ ಹತ್ತೊಂಬತ್ತು ವರ್ಷ ಬೇಕಾಯ್ತಾ?"

"ಊರೂರು ಅಲೆದೆ. ಮಕ್ಕಳನ್ನ ಗೆಲ್ಲಿಸೋದ್ರಲ್ಲೇ ದಿನ ಹೋಯ್ತು. ನೀನೂ ಮದುವೆ ಆಗಲಿಲ್ಲ ಅಂತ ಕೇಳಿದೆ."

"ಮೂರು ಜನ ನೋಡಿ ಹೋದರು. ಮೂವರಿಗೂ ಈಜು ಬರ್ತಿರಲಿಲ್ಲ," ಎಂದೆ.

ಅವನು ನಕ್ಕ. ಎದ್ದು ಹೊರಡುವಾಗ ಹೇಳಿದ: "ಇವತ್ತು ಮೈಕಲ್ಲಿ ನಿನ್ನ ಬಗ್ಗೆ ಒಂದು ಮಾತು ಹೇಳ್ತೀನಿ. ಕೇಳಿ ಆಮೇಲೆ ಉತ್ತರ ಕೊಡು."

ಮನಸ್ಸಿನಲ್ಲಿ ಆಗಲೇ ಒಪ್ಪಿಬಿಟ್ಟಿದ್ದೆ. ಅವನು ಹೇಳಲಿರುವ ಮಾತು ಯಾವುದೆಂದು ನನಗೆ ಗೊತ್ತು ಅಂದುಕೊಂಡೆ. ಅದೊಂದನ್ನು ಕೇಳಲು ಎಷ್ಟು ವರ್ಷದಿಂದ ಕಾದಿದ್ದೆ!

ವಿಷಯ ಇಷ್ಟು. ಸಾವಿರದ ಐನೂರು ಮೀಟರ್ ಸ್ಪರ್ಧೆ ಎಂದರೆ ಐವತ್ತು ಮೀಟರ್ ಕೊಳವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂವತ್ತು ಸಲ ಈಜುವುದು; ಅಂಥ ಒಂದೊಂದನ್ನೂ ನಾವು ಸುತ್ತು ಅನ್ನುತ್ತೇವೆ. ಅಷ್ಟು ದೂರ ಈಜುವವರಿಗೆ ಲೆಕ್ಕ ನಿಲ್ಲುವುದಿಲ್ಲ. ಅದಕ್ಕೆ ಆಚೆ ತುದಿಯಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಕೂತು, ಒಂದೊಂದಾಗಿ ಮಗುಚುವ ಅಂಕಿಯ ಹಲಗೆಗಳನ್ನು ನೀರೊಳಗೆ ಇಳಿಸಿ ತೋರಿಸುತ್ತಾನೆ. ಒಂದು, ಮೂರು, ಐದು. ಇಪ್ಪತ್ತೊಂಬತ್ತು ಕಂಡರೆ ಉಳಿದಿರುವುದು ಒಂದೇ ಸುತ್ತು. ಇದ್ದಬದ್ದ ಜೀವವನ್ನೆಲ್ಲ ಅದಕ್ಕೆ ಸುರಿಯಬೇಕು.

ಅಂತರರಾಷ್ಟ್ರೀಯ ಕೂಟಕ್ಕೆ ಹೋಗುವ ತಂಡದ ಆಯ್ಕೆಯ ದಿನ ನನ್ನ ಹಲಗೆ ಹಿಡಿದವನು ಅವನು. ನಾನು ಎರಡನೆಯವಳಾಗಿದ್ದೆ. ಇಬ್ಬರನ್ನು ಕಳಿಸುವುದಿತ್ತು. ಇಪ್ಪತ್ತೇಳು ಕಾಣಬೇಕಾದಲ್ಲಿ ನನಗೆ ಇಪ್ಪತ್ತೊಂಬತ್ತು ಕಂಡಿತು. ಒದ್ದೆ ಹಲಗೆಗಳು ಅಂಟಿಕೊಂಡು ಎರಡು ಒಟ್ಟಿಗೇ ಮಗುಚಿರಬೇಕು. ನಾನು ಹುಚ್ಚಿಯಂತೆ ಬಂದು ಗೋಡೆ ಮುಟ್ಟಿ, ಕನ್ನಡಕ ಕಿತ್ತು, ನಗುತ್ತಾ ಗಡಿಯಾರ ನೋಡಿದೆ. ಪಕ್ಕದವರೆಲ್ಲ ತಿರುಗಿ ಮತ್ತೆ ಹೊರಟಿದ್ದರು.

ಉಳಿದ ಎರಡು ಸುತ್ತನ್ನು ಅಳುತ್ತಲೇ ಈಜಿದೆ. ಮೂರನೆಯವಳಾದೆ.

ಆಗಿನ ಕೋಚ್ ಕೇಳಿದರು, "ಹಲಗೆ ತಪ್ಪಿತಾ?" ಅವನ ಮುಖ ಸುಣ್ಣದಂತಿತ್ತು. ಅದೇ ವಾರ ಕೋಚಿಂಗ್ ತರಬೇತಿಗೆ ಅವನ ಹೆಸರು ಹೋಗಲಿತ್ತು. ಅಂಕಿ ತೋರಿಸಲು ಬಾರದವನ ಹೆಸರನ್ನು ಯಾರು ಬರೆದು ಕಳಿಸುತ್ತಾರೆ? "ಹಲಗೆ ಸರಿಯಾಗೇ ಇತ್ತು ಸರ್. ನನಗೇ ಲೆಕ್ಕ ತಪ್ಪಿತು," ಎಂದೆ.

ಅವನು ತರಬೇತಿಗೆ ಹೋದ. ನನ್ನನ್ನು ಮತ್ತೆ ಯಾವ ಆಯ್ಕೆಗೂ ಕರೆಯಲಿಲ್ಲ. ಆ ಹಲಗೆಯ ಮಾತನ್ನೇ ಅವನು ಇವತ್ತು ಮೈಕಲ್ಲಿ ಹೇಳುತ್ತಾನೆ ಅಂದುಕೊಂಡಿದ್ದೆ.

ಸಂಜೆ ನಾಲ್ಕಕ್ಕೆ ಕೊಳದ ಪಕ್ಕದ ಹಾಲ್ ತುಂಬಿತ್ತು. ವೇದಿಕೆ ಮೇಲೆ ಅವನು, ಅವನ ಪಕ್ಕದಲ್ಲಿ ಅವನೇ ತಯಾರು ಮಾಡಿದ ನಾಲ್ಕು ಪದಕದ ಚಾಂಪಿಯನ್ ಹುಡುಗಿ. ಅವಳು ಮೊದಲು ತೇಲಿದ್ದು ನನ್ನ ಅಂಗೈ ಮೇಲೆ. ನಾನು ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ಕೂತಿದ್ದೆ. ಇಬ್ಬರಿಗೂ ಫಲಕ ಕೊಟ್ಟರು. ಅವನು ಮೈಕ್ ಹಿಡಿದು ಸೀದಾ ನನ್ನನ್ನೇ ನೋಡಿದ. ಬೆನ್ನು ನೆಟ್ಟಗೆ ಮಾಡಿ ಕೂತೆ.

"ನನ್ನ ಹುಡುಗರು ಮೊದಲು ಕಲಿಯೋದು ಈಜಲ್ಲ, ಎಣಿಸೋದು," ಎಂದ. "ಯಾಕೆ ಗೊತ್ತಾ? ನಮ್ಮ ಕಾಲದಲ್ಲಿ ಒಬ್ಬಳು ಹುಡುಗಿ ಇದ್ದಳು. ಬಂಗಾರದಂಥ ಈಜು. ಆದ್ರೆ ಎರಡು ಸುತ್ತು ಬಾಕಿ ಇರೋವಾಗಲೇ ಗೋಡೆ ಮುಟ್ಟಿ, ಗೆದ್ದೆ ಅಂತ ನಗ್ತಾ ನಿಂತುಬಿಟ್ಟಳು!"

ಹಾಲ್ ಗೊಳ್ಳೆಂದಿತು.

"ಅವಳ ಆ ತಪ್ಪೇ ನನ್ನನ್ನ ಕೋಚ್ ಮಾಡಿದ್ದು. ಈ ಫಲಕದಲ್ಲಿ ಅರ್ಧ ಅವಳದ್ದು."

ಕ್ಲಬ್‌ನ ಸೆಕ್ರೆಟರಿಗೆ ಉತ್ಸಾಹ ತಡೆಯಲಿಲ್ಲ. "ಅವರು ಇಲ್ಲೇ ಇದ್ದಾರೆ! ಎದ್ದು ನಿಲ್ಲಮ್ಮ, ಎಲ್ಲರೂ ನೋಡಲಿ!"

ಎದ್ದು ನಿಂತೆ. ಚಪ್ಪಾಳೆ ತಟ್ಟಿದರು. ಚಾಂಪಿಯನ್ ಹುಡುಗಿ ನಗು ಮುಗಿಯದ ಬಾಯಲ್ಲೇ ವೇದಿಕೆಯಿಂದ ಕೇಳಿದಳು, "ಅಯ್ಯೋ ಮೇಡಂ, ಅದು ನೀವಾ?"

ಜನ ಕರಗಿದ ಮೇಲೆ ಅವನು ಬಂದ. ಕಣ್ಣಲ್ಲಿ ಹುಡುಗನ ಹೊಳಪು. "ಹೇಗಿತ್ತು? ಅರ್ಧ ಫಲಕ ಕೊಟ್ಟೆ. ಈಗ ಉತ್ತರ?"

"ಕಪ್ಪೆ, ಅವತ್ತು ಹಲಗೇಲಿ ಇಪ್ಪತ್ತೊಂಬತ್ತಿತ್ತು."

ಅವನ ಮುಖದಲ್ಲಿ ಆಶ್ಚರ್ಯವನ್ನು ಹುಡುಕಿದೆ. ಅದು ಇದ್ದಿದ್ದರೆ ಆಗಲೇ ಕ್ಷಮಿಸಿಬಿಡುತ್ತಿದ್ದೆ.

"ನಿನಗೆ ಗೊತ್ತಿತ್ತು."

"ಗೊತ್ತಿರಲಿಲ್ಲ. ಅನುಮಾನ ಇತ್ತು," ಎಂದ, ನೆಲ ನೋಡುತ್ತಾ. "ಅವತ್ತು ನಾನು ನಿನ್ನನ್ನೇ ನೋಡ್ತಾ ಇದ್ದೆ, ಕಣೇ. ಹಲಗೆ ನೋಡಲಿಲ್ಲ. ಉಸಿರಿಗೆ ಮುಖ ಎತ್ತಿದಾಗೆಲ್ಲ ನೀನು ಎಷ್ಟು ಚಂದ ಕಾಣ್ತಿದ್ದೆ ಅಂದ್ರೆ... ಆಮೇಲೆ ನೀನೇ ಸರಿಯಿತ್ತು ಅಂದೆ. ನಂಬಿದೆ."

"ಒಂದು ಸಲ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ನಿಜ ಹೇಳಿಬಿಡ್ತೀಯ ಅಂತ ಭಯ."

ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಹೇಳದ ಪ್ರೀತಿಯ ಮಾತು, ಯಾರೂ ಹೇಳದ ಕೆಟ್ಟ ಮಾತು, ಎರಡೂ ಒಂದೇ ಉಸಿರಿನಲ್ಲಿ ಬಂದಿದ್ದವು. ಅವನು ಗಡಿಬಿಡಿಯಿಂದ ವೇದಿಕೆಯತ್ತ ತಿರುಗಿದ. "ಇರು, ಈಗಲೇ ಮೈಕಲ್ಲಿ ಹೇಳ್ತೀನಿ."

"ಯಾರಿಗೆ? ಕುರ್ಚಿಗಳಿಗಾ?"

ಕೆಲಸದವರು ಅವುಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದರು.

"ನಾನು ಸುಳ್ಳು ಹೇಳಿದ್ದು ಒಂದು ನಿಮಿಷ," ಎಂದೆ. "ನಿನಗೆ ಒಳ್ಳೇದಾಗಲಿ ಅಂತ. ನೀನು ಕೇಳದೇ ಉಳಿದಿದ್ದು ಹತ್ತೊಂಬತ್ತು ವರ್ಷ. ಅದು ಯಾರ ಒಳ್ಳೇದಕ್ಕೆ?"

ಅವನ ಕಣ್ಣು ತುಂಬಿತು. ನನ್ನ ಕೈ ತಾನಾಗಿ ಏಳಲು ಹೊರಟಿತು. ಸೆರಗು ಹಿಡಿಸಿ ಅದನ್ನು ಸುಮ್ಮನಾಗಿಸಿದೆ.

"ಹಾಗಾದ್ರೆ ನಮ್ಮಿಬ್ಬರದ್ದು?"

"ಬೇಡ. ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದಾಗೆಲ್ಲ, ಇವನು ಕೇಳಲಿಲ್ಲ ಅನ್ನೋದು ನೆನಪಾಗುತ್ತೆ. ಅದನ್ನಿಟ್ಟುಕೊಂಡು ನಿನಗೆ ಕಾಫಿ ಕೊಡೋಕೆ ನನ್ನಿಂದ ಆಗಲ್ಲ."

ಬಾಗಿಲ ತನಕ ಜೊತೆಗೇ ನಡೆದೆವು. ಅವನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು, ಸರಿಮಾಡಿದೆ. ಅವನು ನನ್ನ ಬೆರಳುಗಳನ್ನು ಒಂದು ಗಳಿಗೆ ಅಲ್ಲೇ ಒತ್ತಿ ಹಿಡಿದು, ಬಿಟ್ಟು, ಹೋದ.

ಹೆಡ್ ಕೋಚ್ ಕೆಲಸಕ್ಕೆ ಅವನು ಬರಲಿಲ್ಲ. ಕ್ಲಬ್‌ನ ಮಕ್ಕಳಿಗೆ ಒಬ್ಬ ಒಳ್ಳೆಯ ಗುರು ತಪ್ಪಿದ, ನನಗೆ ಗಂಡ ತಪ್ಪಿದ. ಅವತ್ತು ಲೆಕ್ಕ ತಪ್ಪಿದ್ದು ನನಗಲ್ಲ ಎಂಬುದು ಮೊದಲು ನನ್ನೊಬ್ಬಳಿಗೇ ಗೊತ್ತಿತ್ತು. ಈಗ ಇಬ್ಬರಿಗೆ ಗೊತ್ತು.